ಸವೆದ ಚಪ್ಪಲಿಯ ಸಾಕ್ಷಿ

ಮಾರೇನಹಳ್ಳಿಯ ಮುನಿತಾಯಮ್ಮನವರ ಕೈಗೆ ಒಂದು ಜೊತೆ ಚಪ್ಪಲಿ ಸಿಕ್ಕರೆ ಸಾಕು, ಹಾಕಿಕೊಂಡವರ ತೂಕ, ಕೋಪ, ಅತ್ತೆಯ ಊರು ಎಲ್ಲ ಹೇಳಿಬಿಡುತ್ತಿದ್ದರು. ರಾಜಾಜಿನಗರದಲ್ಲಿ ನರರೋಗದ ಡಾಕ್ಟರ್ ವತ್ಸಲಾ ಅವರ ಕ್ಲಿನಿಕ್ಕಿನಲ್ಲಿ ಆಯಾ ಆಗಿದ್ದು, ಬಾಗಿಲಲ್ಲಿ ಏನಿಲ್ಲವೆಂದರೂ ಮೂರು ಕೋಟಿ ಚಪ್ಪಲಿ ಜೋಡಿಸಿಟ್ಟಿದ್ದರು. ಬೆಂಗಳೂರಲ್ಲಿ ಅಷ್ಟು ಕಾಲುಗಳೇ ಇಲ್ಲವಲ್ಲ ಎಂದರೆ, "ಕೆಲವ್ರು ಎರಡು ಸಲ ಬರ್ತಾರೆ" ಎನ್ನುತ್ತಿದ್ದರು.

ಎಂಬತ್ತೇಳನೇ ಇಸವಿಯಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ನರ, ಸ್ನಾಯುಗಳ ಕಾಯಿಲೆ ಪತ್ತೆ ಮಾಡಲು ಡಾಕ್ಟರಿಗೆ ನೆರವಾಗುವ ಪ್ರೋಗ್ರಾಂ ಅದರೊಳಗಿತ್ತು. ಪರದೆಯ ಮೇಲೆ ಬಂದ ಪ್ರಶ್ನೆಯನ್ನು ಡಾಕ್ಟರು ರೋಗಿಗೆ ಕೇಳಿ, ಉತ್ತರ ಒತ್ತುತ್ತಿದ್ದರು.

ಒಂದು ದಿನ, ನಡೆಯುವಾಗ ಎಡವುತ್ತೇನೆಂದು ಇಂಡಸ್ಟ್ರಿಯಲ್ ಎಸ್ಟೇಟಿನ ಲೇತ್ ಕೆಲಸಗಾರ ಶಂಭುಲಿಂಗಪ್ಪ ಬಂದ. ಕಂಪ್ಯೂಟರಿಗೆ ಕೈಮುಗಿದೇ ಕುಳಿತ.

"ಮೆಟ್ಟಿಲು ಹತ್ತೋಕೆ ಕಷ್ಟನಾ?"

"ಹೂಂ ಮೇಡಂ."

"ಕೈ ಎತ್ತೋಕೆ?"

"ಹೂಂ."

"ನುಂಗೋಕೆ?"

"ಹೂಂ ಮೇಡಂ, ಅದೂ."

ಮೈಯ ಸ್ನಾಯುಗಳೆಲ್ಲ ಕರಗುವ, ಮದ್ದಿಲ್ಲದ ರೋಗವಿರಬಹುದೆಂದು ಪರದೆ ತೋರಿಸಿತು. ಡಾಕ್ಟರು ಹುಬ್ಬು ಗಂಟಿಕ್ಕಿ, "ದೊಡ್ಡಾಸ್ಪತ್ರೇಲಿ ತೋರಿಸ್ಬೇಕಾಗತ್ತೆ" ಎಂದದ್ದೇ ತಡ, ಶಂಭುಲಿಂಗಪ್ಪನ ಮುಖ ಸುಣ್ಣ ಬಳಿದಂತಾಯಿತು. "ಹಾಗಾದ್ರೆ ಕೆಲಸ ಹೋಯ್ತು. ಮಕ್ಕಳಿನ್ನೂ ಸಣ್ಣವು ಮೇಡಂ..."

ಬಾಗಿಲಲ್ಲೇ ಕೇಳಿಸಿಕೊಳ್ಳುತ್ತಿದ್ದ ಮುನಿತಾಯಮ್ಮ ಅವನ ಚಪ್ಪಲಿ ಹಿಡಿದು ಒಳಗೆ ನುಗ್ಗಿದರು.

"ನುಂಗೋಕೆ ಕಷ್ಟ ಅಂತೆ! ಈಗ ತಾನೇ ಹೊರಗೆ ನಾಲ್ಕು ಬೋಂಡಾ ನುಂಗಿದ್ದು ಯಾರಣ್ಣ?"

"ಅಷ್ಟು ದೊಡ್ಡ ಮೆಷಿನ್ನು ಕೇಳ್ತಿದೆ, ಇಲ್ಲ ಅನ್ನೋಕಾಗತ್ತಾ ಅಮ್ಮ?"

"ಡಾಕ್ಟ್ರಮ್ಮ, ಇದ್ನ ನೋಡಿ. ಎಡಗಾಲಿಂದು ನೆಟ್ಟಗಿದೆ. ಬಲಗಾಲಿಂದು ಮಾತ್ರ ಬೆರಳ ಹತ್ರ ಇಲಿ ತಿಂದಂಗೆ ಸವೆದಿದೆ. ಮೈಯೆಲ್ಲಾ ಅಲ್ಲ, ಒಂದೇ ಪಾದ ಎಳೀತಾ ಇದಾರೆ."

ಡಾಕ್ಟರು ಕುರ್ಚಿ ಬಿಟ್ಟೆದ್ದು ಕಾಲು ಪರೀಕ್ಷಿಸಿದರು. ಬಲ ಮೊಣಕಾಲಿನ ಹೊರಬದಿಯಲ್ಲಿ ಕಪ್ಪಗೆ ಕಲೆಗಟ್ಟಿತ್ತು. ಕೇಳಿದರೆ, ದಿನವಿಡೀ ಆ ಜಾಗವನ್ನು ಲೇತಿನ ಕಬ್ಬಿಣಕ್ಕೆ ಒತ್ತಿ ನಿಲ್ಲುವುದು ಅವನ ಅಭ್ಯಾಸ. ಅಲ್ಲಿ ನರ ಅದುಮಿಹೋಗಿ ಪಾದ ಜೋತುಬಿದ್ದಿತ್ತು, ಅಷ್ಟೇ.

"ಒತ್ತೋದು ನಿಲ್ಸಿ, ಪಟ್ಟಿ ಕಟ್ಕೊಳ್ಳಿ, ವ್ಯಾಯಾಮ ಮಾಡಿ. ವಾಸಿಯಾಗತ್ತೆ. ಮೆಷಿನ್‌ಗೆ ಮರ್ಯಾದೆ ಕೊಡೋದೂ ನಿಲ್ಸಿ!"

ಮುಂದಿನ ವಾರವೇ ಪ್ರೋಗ್ರಾಮಿಗೆ ಹೊಸ ಪ್ರಶ್ನೆ ಸೇರಿತು: ಚಪ್ಪಲಿ ಎಲ್ಲಿ ಸವೆದಿದೆ? ಅದು ಪರದೆಗೆ ಬಂದಾಗೆಲ್ಲ ಡಾಕ್ಟರು ಬಾಗಿಲ ಕಡೆ ತಿರುಗಿ, "ಮುನಿತಾಯಮ್ಮ!" ಎಂದು ಕೂಗುತ್ತಿದ್ದರು.

ಆರು ತಿಂಗಳ ಮೇಲೆ ಶಂಭುಲಿಂಗಪ್ಪ ಮತ್ತೆ ಬಂದ. ಈ ನಡುವೆ ಕೊಂಡಿದ್ದ ಹೊಸ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟ. ಮುನಿತಾಯಮ್ಮ ಎರಡನ್ನೂ ಮಗುಚಿ ನೋಡಿದರು. ಹಿಮ್ಮಡಿಯಲ್ಲಿ ಎರಡೂ ಒಂದೇ ಸಮ ಸವೆದಿದ್ದವು.

"ಡಾಕ್ಟ್ರಮ್ಮನ್ನ ನೋಡ್ಬೇಕಿತ್ತು" ಎಂದ.

"ಹೋಗಿ ನಮಸ್ಕಾರ ಹೇಳ್ಬಿಟ್ಟು ಬನ್ನಿ. ನಾನು ನೋಡಾಯ್ತು."