ಹೆಬ್ಬೆಟ್ಟು ಒತ್ತದ ಡೈರೆಕ್ಟರ್

ಗಚ್ಚಿಬೌಲಿಯ ಆ ಆಫೀಸು ಸೇರಿದಾಗ ನನ್ನ ಬಿ.ಕಾಂ. ಮುಗಿದು ನಾಲ್ಕೇ ತಿಂಗಳು. ಹೊರಗೆ ಸಾಫ್ಟ್‌ವೇರ್ ಕಂಪನಿಯ ಬೋರ್ಡು, ಒಳಗೆ ಆನ್‌ಲೈನ್ ಲಾಟರಿ. ವೆಬ್‌ಸೈಟಿನ ಒಡೆತನ ಎಲ್ಲಿಯದೋ ದ್ವೀಪದ ಕಂಪನಿಯದು, ಆ ಕಂಪನಿಯ ಒಡೆತನ ಇನ್ನೊಂದು ದ್ವೀಪದ ಕಂಪನಿಯದು. ಫೈಲು ಜೋಡಿಸುತ್ತಿದ್ದವಳು ನಾನು, ಹಾಗಾಗಿ ಖಚಿತವಾಗಿ ಹೇಳಬಲ್ಲೆ: ನಿಜವಾದ ಮಾಲೀಕನ ಹೆಸರು ಎಲ್ಲೂ ಇರಲಿಲ್ಲ. ಪೊಲೀಸರು ಬಂದರೆ ಸಿಗಬೇಕಾದ ಹೆಸರು ಮಾತ್ರ ಹೈದರಾಬಾದಿನದೇ ಆಗಬೇಕಿತ್ತು.

ಅದಕ್ಕೆ ಮ್ಯಾನೇಜರ್ ಆರಿಸಿದ್ದು ನೆಲ ಒರೆಸುವ ಯಾದಗಿರಿಯ ಹೆಂಗಸನ್ನು. ಅವಳ ಮಂದಿಯೆಲ್ಲ ಪಕ್ಕದ ಕಟ್ಟಡದ ಕೂಲಿಗಳು. ಪಿಎಫ್‌ಗೆ ಎಂಬ ಅವನ ಮಾತು ನಂಬಿ ಅವಳ ರೇಷನ್ ಕಾರ್ಡಿನ ಝೆರಾಕ್ಸ್ ಇಸಿದುಕೊಂಡು ಕೊಟ್ಟವಳು ನಾನೇ. ಕನ್ನಡದವಳು, ನಮ್ಮ ಕಡೆಯ ಹುಡುಗಿಯೆಂದು ಅವಳೂ ಏನೂ ಕೇಳಿರಲಿಲ್ಲ.

ಒಂದು ಮಧ್ಯಾಹ್ನ ಅವನು ನಮ್ಮಿಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿದ. ಆ ಚಿಲಕದ ಸದ್ದು ಈಗಲೂ ಕೇಳಿಸುತ್ತದೆ. ಮೇಜಿನ ಮೇಲೆ ಇಂಕ್‌ಪ್ಯಾಡು, ಕಾಗದದಲ್ಲಿ ಅವಳ ಹೆಸರು, ಕೆಳಗೆ ‘ಡೈರೆಕ್ಟರ್’.

“ಬೋನಸ್ ಕಾಗದ ಅಂತ ನಿಮ್ಮ ಭಾಷೆಯಲ್ಲಿ ಹೇಳು,” ಎಂದ ಹಿಂದಿಯಲ್ಲಿ. ಅವನಿಗೆ ಕನ್ನಡ ಬಾರದು.

ನಗುಮುಖ ಮಾಡಿಕೊಂಡೇ ಹೇಳಿದೆ: “ಅಕ್ಕಾ, ಹೆಬ್ಬಟ್ಟು ಒತ್ತಬ್ಯಾಡ. ಇದು ಜೂಜಿನ ಕಂಪನಿ, ನಿನ್ನ ಹೆಸರಿಗೆ ಮಾಡಾಕತ್ತಾನ. ನಾಳಿ ಸಿಕ್ಕಿಬಿದ್ರ ನಿನ್ನ ಒಳಗ ಹಾಕ್ತಾರ. ನಕ್ಕೋತ ಕೇಳು.”

ಅವಳು ನಕ್ಕಳು. “ಕಸಾ ಹೊಡಿಯಾಕಿನ್ನ ಮಾಲಕಿ ಮಾಡಾಕತ್ತಾನೇನ? ನನ್ಮ್ಯಾಲ ಭಾಳ ಪ್ರೀತಿ ಐತಿ ಇವಂಗ!”

“ಕ್ಯಾ ಬೋಲ್ ರಹೀ ಹೈ?” ಏನನ್ನುತ್ತಿದ್ದಾಳೆಂದು ಅವನು ನನ್ನನ್ನೇ ದಿಟ್ಟಿಸಿದ. ತಾರ್ನಾಕದ ನಮ್ಮ ಮನೆಯ ವಿಳಾಸ ಅವನ ಕಪಾಟಿನಲ್ಲಿತ್ತು.

ನಾನು ಏನಾದರೂ ಹೇಳುವ ಮೊದಲೇ ಹರಕು ಹಿಂದಿಯಲ್ಲಿ ಅವಳೇ ಉತ್ತರಿಸಿದಳು. ಮೇಸ್ತ್ರಿಗೆ ತೋರಿಸದೆ ತಮ್ಮ ಗುಂಪಿನವರು ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವುದಿಲ್ಲ, ಅದು ರೂಢಿ. ಅವನನ್ನು ಇಲ್ಲಿಗೆ ಕರೆದರೆ ಗುಂಪೆಲ್ಲ ಬಂದೀತು. ಇಂಗ್ಲಿಷ್ ಕಾಗದ ಮೇಸ್ತ್ರಿಗೇನು ತಿಳಿದೀತು ಎಂದುಕೊಂಡನೋ ಏನೋ, ಮ್ಯಾನೇಜರ್ ಝೆರಾಕ್ಸ್ ಸಮೇತ ಫೈಲನ್ನೇ ಅವಳ ಕೈಗೆ ಕೊಟ್ಟ. ಅದನ್ನು ಹಿಡಿದು ಹೋದವಳು ಮರಳಿ ಬರಲಿಲ್ಲ. ಸಂಜೆ ಚೀಲ ಹೆಗಲಿಗೇರಿಸಿ ಹೊರಬಿದ್ದ ನಾನೂ ಆ ಮೆಟ್ಟಿಲು ಮತ್ತೆ ಹತ್ತಲಿಲ್ಲ.

ನೇರ ಅವಳ ಜೋಪಡಿಗೆ ಹೋದೆ. ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಗಂಟುಮೂಟೆ ಕಟ್ಟಿಯಾಗಿತ್ತು.

“ಕಾಗದ?”

ಒಲೆಯ ಕಡೆ ಕೈ ತೋರಿಸಿದಳು. “ನಾಳಿ ಶಂಶಾಬಾದಿಗೆ ಹೊಂಟೀವಿ, ಕೆಲಸ ಅಲ್ಲೈತಿ. ತಂಗೀ, ಇನ್ನೊಬ್ಬರ ಕಾರ್ಡು ಇಸ್ಕೊಳ್ಳೋ ಮುಂದ, ಯಾಕಂತ ಮೊದಲ ನೀ ಕೇಳು.”

ರೊಟ್ಟಿ ತಿಂದೇ ಹೋಗೆಂದಳು. ತಿಂದೆ.