ಶಾಲಿನೊಳಗಿನ ಜೊಂಡು

ಬೆಳಕು ಹರಿಯುವ ಮೊದಲೇ ಯೂಲೊಹಿಯಾ ಒಲೆ ಹಚ್ಚುತ್ತಾಳೆ. ಸುಣ್ಣದಲ್ಲಿ ಬೇಯಿಸಿಟ್ಟ ಮೆಕ್ಕೆಜೋಳ ತೊಳೆದು ಅರೆಯುತ್ತಾಳೆ, ನೀರು ತರುತ್ತಾಳೆ, ಕೋಳಿ ಬಿಡುತ್ತಾಳೆ. ಅದರ ನಡುವೆಯೇ ಪಾತ್ಸ್ಕ್ವಾರೊ ಸರೋವರದ ಒಣಜೊಂಡಿಗೆ ನೀರು ಚಿಮುಕಿಸಿ, ಹಳೆಯ ಶಾಲಿನಲ್ಲಿ ಬಿಗಿಯಾಗಿ ಸುತ್ತಿಡುತ್ತಾಳೆ. ಮುಳುಗಿಸಿ ನೆನೆಸಿದರೆ ಜೊಂಡು ಉಬ್ಬುತ್ತದೆ. ಒಣಗಿದ ಮೇಲೆ ಕುಗ್ಗಿ, ಹೆಣೆದ ಕುರ್ಚಿಯ ಸೀಟು ಜೋಲುತ್ತದೆ.

ಗಂಡ ಫಿದೆನ್ಸಿಯೊ ಕುರ್ಚಿಯ ಚೌಕಟ್ಟು ಮಾಡುವವನು, ಅದಕ್ಕೆ ಜೊಂಡಿನ ಸೀಟು ಹೆಣೆಯುವವಳು ಅವಳು. ಅವನು ಏಳುವಷ್ಟರಲ್ಲಿ ಜೊಂಡು ಹದವಾಗಿರುತ್ತದೆ. ಅದು ತಾನಾಗಿಯೇ ಮೆತ್ತಗಿರುತ್ತದೆಂದು ಅವನು ಹದಿನೇಳು ವರ್ಷದಿಂದ ನಂಬಿದ್ದಾನೆ, ರೊಟ್ಟಿ ತಾನಾಗಿಯೇ ಬಿಸಿಯಾಗಿರುತ್ತದೆಂದು ನಂಬಿದ ಹಾಗೆ.

ಅಂಥವನು ಈಸ್ಟರ್ ಕಳೆದ ಮೇಲೆ ಒಂದು ದಿನ ಉಂಡ ತಟ್ಟೆ ತಾನೇ ತೊಳೆದಿಟ್ಟ. ಆಮೇಲೆ ದಿನಾ ಅವಳ ಪಕ್ಕ ಬಂದು ಕೂತು, "ಆ ಗಂಟು ಇನ್ನೊಂದ್ಸಲ ಹಾಕು, ನಿಧಾನಕ್ಕೆ" ಎನ್ನತೊಡಗಿದ.

"ತಟ್ಟೆ ತೊಳೆದ್ನಾ? ಹಾಗಿದ್ರೆ ಯಾವಳೋ ಇದ್ದಾಳೆ ಬಿಡು," ಎಂದು ಪಕ್ಕದ ಮನೆಯ ರೆಮಿಹಿಯಾ ನಕ್ಕಳು.

"ಯಾವಳೋ ಇದ್ದಿದ್ರೆ ನನ್ನ ಕೈ ಯಾಕೆ ನೋಡ್ತಾ ಕೂರ್ತಾನೆ ಅಕ್ಕಾ?"

ಶನಿವಾರ ಅವನ ಅಂಗಿ ಒಗೆಯುವಾಗ ಜೇಬಿನಲ್ಲಿ ಕಾಗದ ಸಿಕ್ಕಿತು. ಬಡಗಿಯ ದಪ್ಪ ಪೆನ್ಸಿಲಿನಲ್ಲಿ ಅವಳದೇ ಬೆರಳುಗಳು, ಅವಳದೇ ಗಂಟು, ಎಳೆಗಳಿಗೆ ಒಂದರಿಂದ ನಾಲ್ಕು ಅಂಕಿ.

"ಏನಪ್ಪಾ ಇದು?"

"ರಾಜಧಾನಿಯ ಕಾರ್ಖಾನೆಯವರು ಹೆಣಿಗೆ ಕಲಿಸೋಕೆ ಕರೆದಿದ್ದಾರೆ. ನಾಳೆ ಬೆಳಿಗ್ಗೆ ಬಸ್ಸು. ಇನ್ಮೇಲೆ ಸೀಟೂ ಅಲ್ಲೇ ಆಗುತ್ತೆ. ನಿಂಗೂ ಆರಾಮು."

ಸೀಟು ಹೆಣೆದು ಬರುವುದೊಂದೇ ಅವಳ ಸ್ವಂತ ಸಂಪಾದನೆ.

"ಆರಾಮಾ? ಕಾರ್ಖಾನೆಯವರು ಬಂದು ಜೋಳ ಅರೀತಾರಾ? ನನ್ನನ್ನೇ ಯಾಕೆ ಕರೀಲಿಲ್ಲ?"

"ಹೆಂಗಸನ್ನ ಮೇಸ್ತ್ರಿ ಅಂತ ಯಾರೇ ಕರೀತಾರೆ?" ಎಂದು ನಕ್ಕ. ಮರುಕ್ಷಣ ಅವನ ಕಣ್ಣಲ್ಲೂ ಅನುಮಾನ. "ಗಂಟು ಬಿಟ್ಟು ಇನ್ನೇನಾದ್ರೂ ಇದೆಯಾ? ಬಚ್ಚಿಡ್ಬೇಡ. ನಾಳೆ ನೀನು ಏಳೋವಾಗ್ಲೇ ನನ್ನೂ ಎಬ್ಬಿಸು, ಎಲ್ಲಾ ನೋಡ್ಕೊಂಡೇ ಹೋಗ್ತೀನಿ."

"ಹ್ಞೂಂ," ಎಂದಳು.

ಮರುದಿನ ಕತ್ತಲಲ್ಲೇ ಎದ್ದಳು. ಅವನು ಬಾಯಿ ತೆರೆದು ಮಲಗಿದ್ದ. ಒಗೆದ ಅಂಗಿಯ ಜೇಬಿಗೆ ಕಾಗದ ಆಗಲೇ ಮರಳಿ ಸೇರಿತ್ತು. ಅವನ ಭುಜದತ್ತ ಅವಳ ಕೈ ಹೋಯಿತು. ಒಂದು ಗಳಿಗೆ ಅಲ್ಲೇ ನಿಂತಿತು.

ಯೂಲೊಹಿಯಾ ಕೈ ಹಿಂದಕ್ಕೆ ತೆಗೆದುಕೊಂಡಳು. ಕೋಳಿಗಳನ್ನು ಇನ್ನೂ ಬಿಡದೆ, ಸದ್ದಾಗದಂತೆ ಬಾಗಿಲೆಳೆದುಕೊಂಡು, ಅಡುಗೆಮನೆಯ ನೆಲದ ಮೇಲೆ ಶಾಲು ಹಾಸಿದಳು.