ಶಟರ್ ಏಳುವ ಮುಂಚೆ ಸಿಗುವ ಅಕ್ಷರಗಳು

ಬೀದಿ ಇನ್ನೂ ಪೂರ್ತಿ ಎಚ್ಚರಗೊಂಡಿಲ್ಲ. ಬೀಗದಂಗಡಿಯ ಮುಂದೆ ಒಬ್ಬ ಹೆಂಗಸು ಮೊಣಕಾಲೂರಿ ಕೂತು, ಶಟರ್ ಮೇಲೆ ಬಣ್ಣದಲ್ಲಿ ಬರೆದ ಅಕ್ಷರಕ್ಕೆ ಫೋನ್ ಹಿಡಿದಿದ್ದಾರೆ. ಅಂಗಡಿಯಾತ ಶಟರ್ ಎತ್ತಿದರೆ ಅಕ್ಷರವೂ ಸುರುಳಿ ಸುತ್ತಿಕೊಂಡು ಮೇಲೆ ಹೋಗಿಬಿಡುತ್ತದೆ. ಹಾಗಾಗಿ ಈ ಕೆಲಸಕ್ಕೆ ನಸುಕೇ ಆಗಬೇಕು.

"ಏನಕ್ಕಾ, ಇವತ್ತೂ ನನ್ ಶಟರ್ ಮೇಲೇ ಕಣ್ಣಾ?" ಅಂಗಡಿಯಾತ ಕೀ ಗೊಂಚಲು ಆಡಿಸುತ್ತಾ ಕೇಳುತ್ತಾರೆ.

"ಎರಡೇ ನಿಮಿಷ ಅಣ್ಣಾ, ಒಂದು ಒತ್ತಕ್ಷರ ಬಾಕಿ."

ಗೊಣಗಿಕೊಂಡೇ ಆತ ಕಾಯುತ್ತಾರೆ.

ಬೀದಿಯವರ ಬಾಯಲ್ಲಿ ಈಕೆ ಶಟರಕ್ಕ. ಹಗಲೆಲ್ಲ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಟೈಪ್ ಮಾಡುವುದು ಹೊಟ್ಟೆಪಾಡು: ಬಾಡಿಗೆ ಕರಾರು, ಅರ್ಜಿ, ಕಳೆದುಹೋದ ನಾಯಿಯ ಪ್ರಕಟಣೆ. ಶಟರ್‌ಗಳ ಮೇಲಿರುವುದು ಅವರ ಮಾವನ ಕೈಬರಹ. ಈ ಪೇಟೆಯ ಬೋರ್ಡುಗಳನ್ನೆಲ್ಲ ಬರೆದ ಪೇಂಟರ್ ಅವರು. ಏಣಿಯನ್ನು ಎಡಕ್ಕೆ ಒರಗಿಸಿ, ಬಲಕ್ಕೆ ಬಾಗಿ ಬರೆಯುವುದು ಅವರ ರೂಢಿ. ಅದರಿಂದ ಅವರ ತಲೆಕಟ್ಟುಗಳೆಲ್ಲ ಬಲತುದಿಯಲ್ಲಿ ಚೂರು ಮೇಲೇಳುತ್ತವೆ. ಪ್ಲಾಸ್ಟಿಕ್ ಬೋರ್ಡುಗಳು ಬಂದ ಮೇಲೆ ಅವರನ್ನು ಕರೆಯುವವರೇ ಇಲ್ಲವಾದರು. ಜೊತೆಗೆ ಕಣ್ಣೂ ಮಂಜಾಗತೊಡಗಿತು. ಮಾವನ ಅಕ್ಷರವನ್ನು ಫಾಂಟ್ ಮಾಡಬೇಕು, ಕಣ್ಣು ಪೂರ್ತಿ ಹೋಗುವ ಮೊದಲು ಅವರಿಗೆ ತೋರಿಸಬೇಕು ಎಂಬ ಹಟ ಸೊಸೆಗೆ ಹಿಡಿದದ್ದು ಆಗ.

ಎರಡು ಸಾಫ್ಟ್‌ವೇರ್ ಮುಂದಿದ್ದವು. ಒಂದರಲ್ಲಿ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ನಾವೇ ಗೆರೆ ಬಾಗಿಸಬೇಕು. ಒಂದು ಅಕ್ಷರಕ್ಕೆ ಒಂದು ಸಂಜೆ ಹೋಗುತ್ತದೆ. ಇನ್ನೊಂದಕ್ಕೆ ಬರೆದ ಹಾಳೆಯ ಸ್ಕ್ಯಾನ್ ಕೊಟ್ಟರೆ ಸಾಕು, ಉಳಿದದ್ದನ್ನು ತಾನೇ ನೋಡಿಕೊಳ್ಳುತ್ತದೆ.

"ಸುಲಭದ್ದು ಯಾರಿಗೆ ಬೇಡ ಹೇಳಿ? ಕೆಲಸ, ಅಡುಗೆ, ಪಾತ್ರೆ ಎಲ್ಲಾ ಮುಗಿಸಿ ಕೂರೋಳು ನಾನು. ಎರಡನೇದನ್ನೇ ಹಿಡ್ಕೊಂಡೆ," ಎನ್ನುತ್ತಾರೆ.

ಮಾವನ ಕೈ ಆಗಿನ್ನೂ ಗಟ್ಟಿಯಿತ್ತು. ಬಿಡುವಾದಾಗಲೆಲ್ಲ ಹಾಳೆಯ ಮೇಲೆ ದಪ್ಪಗೆ ಬರೆದುಕೊಟ್ಟರು. ಸಾಫ್ಟ್‌ವೇರ್ ಸೊಟ್ಟ ಕಂಡದ್ದನ್ನೆಲ್ಲ ನೆಟ್ಟಗೆ ಮಾಡುತ್ತಾ ಹೋಯಿತು. ನೀಟಾಗಿ ಬರುತ್ತಿದೆಯೆಂದು ಸೊಸೆ ಹಿಗ್ಗಿದರು. ಜಾಗ ಸಾಲದೆಂದು ಸ್ಕ್ಯಾನ್‌ಗಳನ್ನು ಅಳಿಸಿದರು, ಕೆಲಸ ಮುಗಿಯಿತೆಂದು ಹಾಳೆಗಳನ್ನು ರದ್ದಿಗೆ ಹಾಕಿದರು. ಅಯ್ಯೋ, ಅದೊಂದನ್ನು ಮಾಡಬಾರದಿತ್ತು.

ಕೊನೆಗೊಂದು ದಿನ ಮಾವನನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಅವರ ಹೆಸರನ್ನೇ ದೊಡ್ಡದಾಗಿ ತೋರಿಸಿದರು. ಮೂಗು ಪರದೆಗೆ ತಾಗುವಷ್ಟು ಬಾಗಿ ನೋಡಿದ ಮಾವ, "ಚೆನ್ನಾಗಿದೆಯಮ್ಮಾ. ಯಾರ ಕೈ ಇದು?" ಎಂದರು.

"ನಾನೂ ಬಗ್ಗಿ ನೋಡಿದೆ. ತಲೆಕಟ್ಟೆಲ್ಲಾ ಹಲಗೆ ಹಾಗೆ ಮಲಗಿತ್ತು. ಅವತ್ತೇ ನನ್ ಕಣ್ಣಿಗೂ ಬಿದ್ದಿದ್ದು."

ಮತ್ತೆ ಬರೆಸೋಣವೆಂದರೆ ಅಷ್ಟರಲ್ಲಿ ಮಾವನ ಕೈ ನಡುಗತೊಡಗಿತ್ತು. ಉಳಿದದ್ದು ಶಟರ್‌ಗಳು ಮಾತ್ರ. ಈಗ ಬೆಳಿಗ್ಗೆ ತೆಗೆದ ಫೋಟೋವನ್ನು ಸಂಜೆ ಪರದೆಗೆ ಹಾಕಿಕೊಂಡು, ಆ ಮೊದಲ ಸಾಫ್ಟ್‌ವೇರ್‌ನಲ್ಲಿ ಚುಕ್ಕಿ ಚುಕ್ಕಿ ಇಡುತ್ತಾರೆ. ಹೋದ ತಿಂಗಳಷ್ಟೇ ಎರಡು ಶಟರ್‌ಗಳಿಗೆ ಹೊಸ ಬಣ್ಣ ಬಿತ್ತು. ಅಲ್ಲಿದ್ದ ಅಕ್ಷರಗಳು ಹೋದವು.

ಪಕ್ಕದ ಕುರ್ಚಿಯಲ್ಲಿ ಮಾವ ಕೂತಿರುತ್ತಾರೆ. ಅವರಿಗೀಗ ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ.

"ಟೈಲರ್ ಅಂಗಡಿದು ತಗೋಬೇಡಮ್ಮಾ. ಅವತ್ತು ನಂಗೆ ಜ್ವರ. ಅದನ್ನ ಬರೆದಿದ್ದು ನಾನಲ್ಲ, ಜ್ವರ!"

ಇಬ್ಬರೂ ನಗುತ್ತಾರೆ. ಪರದೆಯ ಮೇಲೆ ಒಂದು 'ಕ' ಇದೆ, ಅದರ ತಲೆಕಟ್ಟು ಬಲತುದಿಯಲ್ಲಿ ಸರಿಯಾಗಿ ಮೇಲೆದ್ದಿದೆ. ಮಾವ ನಗುತ್ತಿರುವುದು ಗೋಡೆಯ ಕಡೆಗೆ.

ತಾವೂ ಫಾಂಟ್ ಮಾಡಬೇಕೆನ್ನುವವರು ಆಗಾಗ ಜೆರಾಕ್ಸ್ ಅಂಗಡಿಗೆ ಬಂದು, ಯಾವ ಸಾಫ್ಟ್‌ವೇರ್ ಒಳ್ಳೆಯದೆಂದು ಕೇಳುತ್ತಾರಂತೆ. ಅವರಿಗೆ ಏನು ಹೇಳುತ್ತೀರಿ ಎಂದು ನಾನು ಶಟರಕ್ಕನನ್ನು ಕೇಳಿದೆ.

"ಚುಕ್ಕಿ ಇಡೋದನ್ನೇ ತಗೊಳ್ಳಿ ಅಂತೀನಿ. ಆದ್ರೆ ಯಾವ್ದೇ ತಗೊಳ್ಳಿ, ಮೊದಲನೇ ಅಕ್ಷರ ಆದ ಕೂಡ್ಲೇ ಎದ್ದು ಹೋಗಿ ಅದನ್ನ ಬರೆದವ್ರಿಗೆ ತೋರ್ಸಿ. ಒಂದೇ ಒಂದು ತೋರ್ಸಿದ್ರೂ ಮಾವ ಅವತ್ತೇ ಹೇಳಿಬಿಡ್ತಿದ್ರು. ನಾನು ಎಲ್ಲಾ ಮುಗೀಲಿ ಅಂತ ಕೂತೆ."